ಕಾಮಗಾರಿ ಮುಗಿದಿದೆ, ಮೀನು ತಿನ್ನಬೇಡಿ

ನಮ್ಮ ಕಡೆಯ ಮದುವೆಮನೆಗಳಲ್ಲಿ ಕೊನೆಯ ಪಂಕ್ತಿಗೆ ಮಜ್ಜಿಗೆ ಬರುವ ಮೊದಲೇ ಶಾಮಿಯಾನದವನು ಕುರ್ಚಿ ಮಡಚಲು ಶುರುಮಾಡುತ್ತಾನೆ. ಅವನ ಮೇಲೆ ಸಿಟ್ಟಾಗುವವರು ನ್ಯೂಯಾರ್ಕ್ ರಾಜ್ಯದ ಫೋರ್ಟ್ ಎಡ್ವರ್ಡ್ ಎಂಬ ಊರಿನ ಸಮಾಚಾರವನ್ನು ಒಮ್ಮೆ ಕೇಳಬೇಕು. ಹಡ್ಸನ್ ನದಿಯ ವಿಷದ ಹೂಳನ್ನು ಹಿಂಡಿ ಒಣಗಿಸಲೆಂದು ಅಲ್ಲಿ ಚಾಂಪ್ಲೇನ್ ಕಾಲುವೆಯ ದಡದಲ್ಲಿ 110 ಎಕರೆಯಷ್ಟು ಜಾಗದಲ್ಲಿ ಒಂದು ಸ್ಥಾವರವನ್ನು ಕಟ್ಟಿದ್ದರು. ನದಿ ಶುದ್ಧವಾಯಿತೇ ಎಂಬ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಅದನ್ನು ಬಿಚ್ಚಿ, ತೊಳೆದು, ಗಂಟುಮೂಟೆ ಕಟ್ಟಲಾಯಿತು.

ಹಡ್ಸನ್ ಫಾಲ್ಸ್ ಮತ್ತು ಫೋರ್ಟ್ ಎಡ್ವರ್ಡ್‌ನಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕೆಪ್ಯಾಸಿಟರ್ ಕಾರ್ಖಾನೆಗಳು 1947ರಿಂದ 1977ರವರೆಗೆ ಪಾಲಿಕ್ಲೋರಿನೇಟೆಡ್ ಬೈಫಿನೈಲ್, ಅಂದರೆ ಪಿಸಿಬಿ ಎಂಬ ರಾಸಾಯನಿಕವನ್ನು ನದಿಗೆ ಬಿಟ್ಟವು. (ನಮ್ಮಲ್ಲಿ ಪಿಸಿಬಿ ಎಂದರೆ ಮಾಲಿನ್ಯ ನಿಯಂತ್ರಣ ಮಂಡಳಿ, ಅಲ್ಲಿ ಅದೇ ಮೂರಕ್ಷರ ಮಾಲಿನ್ಯದ ಹೆಸರು. ಎರಡಕ್ಕೂ ಒಂದೇ ಹೆಸರಿಟ್ಟವರ ದೂರದೃಷ್ಟಿಯನ್ನು ಮೆಚ್ಚಬೇಕು.) 1984ರಲ್ಲಿ ಸುಮಾರು 200 ಮೈಲಿಗಳ ನದಿಯೇ ಸೂಪರ್‌ಫಂಡ್ ಪಟ್ಟಿಗೆ, ಅಂದರೆ ಶುದ್ಧಮಾಡಲೇಬೇಕಾದ ವಿಷದ ತಾಣಗಳ ಅಮೆರಿಕದ ಸರ್ಕಾರಿ ಪಟ್ಟಿಗೆ ಸೇರಿತು. ಹೂಳೆತ್ತಬೇಕೆಂಬ ತೀರ್ಮಾನ 2002ರಲ್ಲಿ ಬಂತು, ಹೂಳೆತ್ತುವ ಬಕೆಟ್ಟು ನೀರಿಗೆ ಇಳಿದದ್ದು 2009ರಲ್ಲಿ. 2015ರ ಹೊತ್ತಿಗೆ 27.5 ಲಕ್ಷ ಘನ ಗಜದಷ್ಟು ಹೂಳನ್ನು ಎತ್ತಿ, ಹಿಂಡಿ, ರೈಲಿನಲ್ಲಿ ಹೊರರಾಜ್ಯಗಳ ಗುಂಡಿಗಳಿಗೆ ಸಾಗಿಸಿದ್ದರು. ಇದು ಸಣ್ಣ ಕೆಲಸವಲ್ಲ, ಅದನ್ನು ಒಪ್ಪಲೇಬೇಕು.

ವಿನೋದ ಶುರುವಾಗುವುದು ಯಂತ್ರ ಬಿಚ್ಚುವಲ್ಲಿ. ನದಿಪರ ಸಂಘಟನೆಗಳೂ, ನೈಸರ್ಗಿಕ ಸಂಪತ್ತಿನ ಪಾಲಕರೆನಿಸಿದ ಕೇಂದ್ರದ್ದೇ ಇಲಾಖೆಗಳೂ ಇನ್ನಷ್ಟು ಹೂಳೆತ್ತಬೇಕೆಂದು ಹೇಳುತ್ತಿದ್ದಾಗಲೇ, 2015ರ ನವೆಂಬರಿನಲ್ಲಿ ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆ ಸ್ಥಾವರವನ್ನು ಕಳಚಲು ಒಪ್ಪಿಗೆ ಕೊಟ್ಟಿತು. ಪಿಸಿಬಿ ಸೋಕಿದ ಉಕ್ಕಿನ ಸಾಮಾನನ್ನು ಹಾಗೆಯೇ ಹೊರಗೆ ಬಿಡುವಂತಿಲ್ಲ. ಮೇಲ್ಮೈಯನ್ನು ಒರೆಸಿ ನೋಡಿದರೆ 100 ಚದರ ಸೆಂಟಿಮೀಟರಿಗೆ 10 ಮೈಕ್ರೋಗ್ರಾಂಗಿಂತ ಹೆಚ್ಚು ಸಿಗಬಾರದೆಂದು ಅಮೆರಿಕದ ನಿಯಮ ಹೇಳುತ್ತದೆ. ಅಂಗೈಯಗಲದ ಜಾಗಕ್ಕೂ ಲೆಕ್ಕವಿದೆ! ಕಲುಷಿತ ನೆಲದಲ್ಲಿ ಅಂತರ್ಜಲ ಪರೀಕ್ಷಿಸಲು ಕೊರೆದ ವೀಕ್ಷಣಾ ಬಾವಿಯನ್ನು ಮುಚ್ಚುವ ಶಾಸ್ತ್ರವೂ ಇಷ್ಟೇ ಕಟ್ಟುನಿಟ್ಟು: ಸಿಮೆಂಟು ಮತ್ತು ಬೆಂಟೊನೈಟ್ ಜೇಡಿಯ ಗಂಜಿಯನ್ನು ಕೊಳವೆಯ ಮೂಲಕ ತಳದಿಂದ ಮೇಲಕ್ಕೆ ತುಂಬಿಸುತ್ತಾ ಬರಬೇಕು, ಇಲ್ಲವಾದರೆ ಅದೇ ತೂತು ವಿಷಕ್ಕೆ ದಾರಿಯಾಗುತ್ತದೆ. ಹೀಗೆ ಸಲಕರಣೆಗಳಿಗೆ ಸಕಲ ಮಡಿ ಮೈಲಿಗೆಯ ವಿಧಿಗಳಿವೆ. ತೊಳೆಯಲು ಬಂದ ಯಂತ್ರಗಳು ಪರೀಕ್ಷೆ ಪಾಸಾಗಿ ಮಡಿಯುಟ್ಟು ಹೊರಟವು, ತೊಳೆಸಿಕೊಳ್ಳಬೇಕಾದ ನದಿ ಮಾತ್ರ ಫಲಿತಾಂಶಕ್ಕೆ ಕಾಯುತ್ತಾ ಅಲ್ಲೇ ಹರಿಯಿತು.

2019ರ ಏಪ್ರಿಲ್ 11ರಂದು ಸಂಸ್ಥೆ ಎರಡು ಕಾಗದಗಳನ್ನು ಹೊರಡಿಸಿತು. ಈ ಕಾಮಗಾರಿಯಿಂದ ಜನರಿಗೂ ಪರಿಸರಕ್ಕೂ ರಕ್ಷಣೆ ಸಿಕ್ಕಿದೆಯೋ ಇಲ್ಲವೋ ಎಂದು ಹೇಳಲು ಸಾಕಷ್ಟು ಮಾಹಿತಿ ಇಲ್ಲವಾದ್ದರಿಂದ ತೀರ್ಮಾನವನ್ನು ಮುಂದೂಡಲಾಗಿದೆ ಎಂದು ಮೊದಲನೆಯದು ಹೇಳಿತು. ಕಾಮಗಾರಿ ಪೂರ್ಣಗೊಂಡಿದೆ ಎಂದು ಕಂಪನಿಗೆ ಕೊಟ್ಟ ಪ್ರಮಾಣಪತ್ರ ಎರಡನೆಯದು. ಕೆರೆ ಹೂಳೆತ್ತುವ ಬಿಲ್ಲುಗಳನ್ನು ಕಂಡ ನಮ್ಮ ಗುತ್ತಿಗೆದಾರರು ಕೂಡ ಎರಡು ಕಾಗದಕ್ಕೆ ಒಂದೇ ತಾರೀಕು ಹಾಕಿಸುವ ಧೈರ್ಯವನ್ನು ಮಾಡಲಾರರು. ನಡುವೆ ಒಂದು ವಾರವಾದರೂ ಬಿಡುತ್ತಾರೆ.

ಇನ್ನು ಮೀನು. ಎರಡು ತಿಂಗಳಿಗೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಕೊನೆಗೆ ವಾರಕ್ಕೊಮ್ಮೆ ಒಂದು ಊಟದ ಮೀನು ತಿನ್ನುವಂತಾಗಬೇಕೆಂಬುದು 2002ರ ಗುರಿ. ಅಂತಿಮ ಗುರಿಯಾದ ಪ್ರತಿ ಕಿಲೋಗೆ 0.05 ಮಿಲಿಗ್ರಾಂ ಪಿಸಿಬಿ ಮಟ್ಟಕ್ಕೆ ಮೀನು ತಲುಪಲು 55 ವರ್ಷ ಅಥವಾ ಅದಕ್ಕೂ ಹೆಚ್ಚು ಬೇಕಾಗಬಹುದು ಎಂಬುದು ಸಂಸ್ಥೆಯದೇ ಅಂದಾಜು. ಅಲ್ಲಿಯವರೆಗೆ ಏನು ಮಾಡಬೇಕೆಂಬುದಕ್ಕೆ ರಾಜ್ಯದ ನಿಯಮವಿದೆ. ಮೇಲ್ಭಾಗದ ಹಡ್ಸನ್‌ನಲ್ಲಿ 1976ರಲ್ಲಿ ಮೀನು ಹಿಡಿಯುವುದನ್ನೇ ನಿಷೇಧಿಸಿದ್ದರು. 1995ರಿಂದ ಹಿಡಿಯಬಹುದು, ಆದರೆ ಕೂಡಲೇ ನೀರಿಗೆ ಬಿಡಬೇಕು. ಆದ್ದರಿಂದ ದಡದಲ್ಲಿ ನಿಂತ ಗಾಳಗಾರನು ಒಂದು ಗಂಟೆ ಕಾದು, ಬ್ಯಾಸ್ ಮೀನೊಂದನ್ನು ಎಳೆದು, ಬಾಯಿಂದ ಕೊಕ್ಕೆ ಬಿಡಿಸಿ, ಅದರ ಒದ್ದೆ ಬೆನ್ನನ್ನೊಮ್ಮೆ ಸವರಿ, ಕ್ಷೇಮವಾಗಿ ಮನೆಗೆ ಕಳುಹಿಸುತ್ತಾನೆ. ಮೀನಿನ ಮನೆಗೆ, ತನ್ನ ಮನೆಗಲ್ಲ. ಮಾಲಿನ್ಯದಿಂದ ಇಷ್ಟು ಲಾಭ ಪಡೆದವರು ಆ ಮೀನನ್ನು ಬಿಟ್ಟರೆ ಇನ್ನಾರೂ ಇರಲಾರರು.

ಪ್ರಮಾಣಪತ್ರದ ವಿರುದ್ಧ ನ್ಯೂಯಾರ್ಕ್ ರಾಜ್ಯವು 2019ರ ಆಗಸ್ಟಿನಲ್ಲಿ ಕೋರ್ಟಿಗೆ ಹೋಯಿತು, 2021ರ ಮಾರ್ಚಿನಲ್ಲಿ ದಾವೆ ವಜಾ ಆಯಿತು. 2025ರ ಆರಂಭದಲ್ಲಿ ಹೊರಬಂದ ಮೂರನೆಯ ಐವಾರ್ಷಿಕ ಪರಾಮರ್ಶೆಯೂ ತೀರ್ಮಾನಕ್ಕೆ ಇನ್ನೂ ಕೆಲವು ವರ್ಷಗಳ ಮೀನಿನ ಲೆಕ್ಕ ಬೇಕೆಂದಿತು. ಮುಂದೆ ಅಗತ್ಯ ಕಂಡರೆ ಕಂಪನಿಗೆ ಮತ್ತೆ ಕೆಲಸ ಹೇಳುವ ಹಕ್ಕು ಸಂಸ್ಥೆಯ ಬಳಿ ಭದ್ರವಾಗಿ ಉಳಿದಿದೆಯಂತೆ. ಹಾಗೊಂದು ದಿನ ಬಂದರೆ ಕಾಲುವೆಯ ದಡಕ್ಕೆ ಹೋಗಿ ಆ ಹಕ್ಕನ್ನು ಯಾವ ಯಂತ್ರಕ್ಕೆ ಜೋಡಿಸಬೇಕೆಂಬುದನ್ನು ಮಾತ್ರ ಯಾವ ಕಾಗದವೂ ಹೇಳಿಲ್ಲ.