ವೀಸಾ ಮೊದ್ಲೋ ಟಿಕೆಟ್ ಮೊದ್ಲೋ

ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂತಾರಲ್ಲ, ಆ ಗಾದೆ ಕಟ್ಟಿದ ಪುಣ್ಯಾತ್ಮ ಒಂದ್ಸಲ ಷೆಂಗೆನ್ ವೀಸಾಗೆ, ಅಂದ್ರೆ ಯುರೋಪಿನ ಸುಮಾರು ದೇಶ ಸುತ್ತೋಕೆ ಕೊಡೋ ಒಂದೇ ವೀಸಾಗೆ, ಅರ್ಜಿ ಹಾಕಿರ್ಬೇಕು. ವೀಸಾ ಕೇಳಿದ್ರೆ ಟಿಕೆಟ್ ಎಲ್ಲಿ ಅಂತಾರೆ, ಟಿಕೆಟ್ ತಗೊಳೋಕೆ ಹೋದ್ರೆ ವೀಸಾನೇ ಬಂದಿಲ್ಲ ಯಾಕಪ್ಪಾ ಆತುರ ಅಂತ ಕಂಡೋರೆಲ್ಲ ಬುದ್ಧಿ ಹೇಳ್ತಾರೆ.

ನಾನು ಬುದ್ಧಿ ಕೇಳೋ ಪೈಕಿ ಅಲ್ಲ. ರಾತ್ರಿ ಹನ್ನೊಂದೂವರೆಗೆ ಆಫರ್ ಕಂಡ್ತು, ಬೆಂಗಳೂರಿಂದ ಪ್ಯಾರಿಸ್‌ಗೆ ಹೋಗಿಬರೋಕೆ ಇಬ್ರಿಗೂ ಸೇರಿ 96 ಸಾವಿರ, ಕೆಳಗೆ ಕೆಂಪಕ್ಷರದಲ್ಲಿ 'ಇನ್ನು ಎರಡೇ ಸೀಟು'. ರಿಫಂಡ್ ಆಗೋ ಟಿಕೆಟ್ ಬೇಕಂದ್ರೆ ಇನ್ನೂ 18 ಸಾವಿರ ಜಾಸ್ತಿ ಇತ್ತು, ಹೋಗೋದೇ ಗ್ಯಾರಂಟಿ ಅಂದ್ಮೇಲೆ ರಿಫಂಡ್ ಯಾಕೆ ಅಂತ 18 ಸಾವಿರ ಉಳಿಸಿದ ಖುಷೀಲಿ ಮಲ್ಕೊಂಡೆ.

ಬೆಳಿಗ್ಗೆ ನೋಡಿದ್ರೆ ವೀಸಾ ಸೆಂಟರ್‌ನಲ್ಲಿ ಸ್ಲಾಟೇ ಇಲ್ಲ. ಅರ್ಜಿನ ಆರು ತಿಂಗಳು ಮುಂಚೆನೇ ಹಾಕ್ಬೋದಂತೆ, ಕೊನೇಪಕ್ಷ 15 ದಿನ ಮುಂಚೆ ಆದ್ರೂ ಹಾಕ್ಬೇಕಂತೆ, ನಮಗೆ ಕಾದು ಕಾದು ಸಿಕ್ಕಿದ್ದು ಹೊರಡೋಕೆ 17 ದಿನ ಇರೋವಾಗ. 30,000 ಯೂರೋ ಕವರ್ ಇರೋ ಇನ್ಶೂರೆನ್ಸು, 35 ಇಂಟು 45 ಮಿಲಿಮೀಟರ್ ಫೋಟೋ (ನಗಬೇಡಿ ಸಾರ್ ಅಂದ ಸ್ಟುಡಿಯೋದವನು, ಆಗ ನಗೋ ಪರಿಸ್ಥಿತೀಲೂ ಇರ್ಲಿಲ್ಲ), ತಲೆಗೆ 90 ಯೂರೋ ಫೀಸು, ವೀಸಾ ಕೊಡ್ಲಿ ಬಿಡ್ಲಿ ಅದು ಹೋಯ್ತು ಅಂತಲೇ ಲೆಕ್ಕ.

ಕೌಂಟರ್‌ನಲ್ಲಿದ್ದ ಹುಡುಗಿ ನಮ್ಮ ಟಿಕೆಟ್ ತಿರುಗಿಸಿ ಮುರುಗಿಸಿ ನೋಡಿ, "ಸಾರ್, ಪೂರ್ತಿ ದುಡ್ಡು ಕಟ್ಬಿಟ್ಟಿದೀರಾ? ಬರೀ ರಿಸರ್ವೇಷನ್ ಸಾಕಿತ್ತಲ್ಲ" ಅಂದ್ಲು.

"ಇವ್ರು 18 ಸಾವಿರ ಉಳ್ಸಿದಾರೆ ಮೇಡಂ" ಅಂದ್ಲು ನನ್ನ ಹೆಂಡ್ತಿ.

ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಆಗತ್ತೆ, ಡೌಟ್ ಬಂದ್ರೆ 45 ದಿನದವರೆಗೂ ಎಳೀಬೋದು ಅಂತ ರೂಲ್ಸು. ಅದನ್ನ ಓದಿದ್ಮೇಲೆ ನಂಗೆ ನಿದ್ದೆ ಇಲ್ಲ, ಬಚ್ಚಲಲ್ಲೂ ಟ್ರ್ಯಾಕಿಂಗ್ ನೋಡ್ತಿದ್ದೆ. ಅಮ್ಮ ಬೇರೆ ಚಟ್ನಿಪುಡಿ, ಕೋಡುಬಳೆ ಕಟ್ಟಿಟ್ಟು, ಹಾಲಿನವನಿಗೂ ಸೇರಿಸಿ ಊರಿಗೆಲ್ಲ ಹೇಳಿ ಮುಗ್ಸಿದ್ರು.

ಹೊರಡೋ ದಿನ ಮಧ್ಯಾಹ್ನ ಕೊರಿಯರ್‌ನೋನು ಬಂದ. ಗೇಟ್ ಹತ್ರನೇ ಕವರ್ ಹರಿದೆ, ನನ್ನ ಪಾಸ್‌ಪೋರ್ಟು, ಒಳಗೆ ವೀಸಾ ಸ್ಟಿಕರ್ರು, ಕಣ್ಣಲ್ಲಿ ನೀರೇ ಬಂತು. ಕವರ್ ತಲೆಕೆಳಗು ಮಾಡಿ ಒದರಿದೆ, ಇನ್ನೇನೂ ಬೀಳ್ಲಿಲ್ಲ.

"ಇನ್ನೊಂದು?" ಅಂದೆ.

"ಒಂದೇ ಸಾರ್. ಓಟಿಪಿ ಹೇಳಿ."

"ನೀವು ಹೋಗ್ಬನ್ನಿ, ನಾನು ಕೋಡುಬಳೆ ತಿಂತಾ ಇರ್ತೀನಿ" ಅಂದ್ಲು ಇವಳು. ಹೋಗ್ಲಿಲ್ಲ. ರಾತ್ರಿ ಇಬ್ರೂ ಸೂಟ್‌ಕೇಸ್ ಬಿಚ್ಚಿ ಅನ್ನಕ್ಕೆ ಚಟ್ನಿಪುಡಿ ಕಲ್ಸ್ಕೊಂಡು ಊಟ ಮಾಡಿದ್ವಿ. ಟಿಕೆಟ್ ಕ್ಯಾನ್ಸಲ್ ಮಾಡಿದ್ದಕ್ಕೆ ಒಂದಿಷ್ಟು ಟ್ಯಾಕ್ಸ್ ವಾಪಸ್ ಬಂತು ಅಷ್ಟೆ.

ನಾಲ್ಕು ದಿನ ಬಿಟ್ಟು ಅವಳ ಪಾಸ್‌ಪೋರ್ಟೂ ಬಂತು, ವೀಸಾ ಸಮೇತ. ಇಬ್ರದ್ದೂ ಮುಗಿಯೋಕೆ ಇನ್ನೂ ದಿನ ಇದೆ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಮೆಲ್ಲಗೆ ಅದೇ ಆಪ್ ತೆಗೆದೆ, ರೇಟು ಡಬಲ್ ಆಗಿದೆ, ಕೆಳಗೆ ಅದೇ ಕೆಂಪಕ್ಷರ, ಇನ್ನು ಎರಡೇ ಸೀಟಂತೆ.