ಹೇಳಬೇಕಾದ್ದು ಮಗನಿಗಲ್ಲ, ಪೇಶೆಂಟ್‌ಗೆ

ಮಾವನ ಆಪರೇಷನ್ ಚೆನ್ನಾಗಿ ಆಯ್ತು. ವಿಚಾರಿಸಿದ ಎಲ್ಲರಿಗೂ ಥ್ಯಾಂಕ್ಸ್. ಬಲಗಡೆ ಶ್ವಾಸಕೋಶದ ಮೇಲಿನ ಭಾಗ ತೆಗೆದಿದ್ದಾರೆ. ಡಾಕ್ಟರ ಕೈಗುಣದ ಬಗ್ಗೆ ಎರಡು ಮಾತಿಲ್ಲ. ಆದರೂ ನನಗೆ ಸಿಟ್ಟು ಬಂದಿದೆ, ಬರೆಯದಿದ್ದರೆ ಇಳಿಯೋದಿಲ್ಲ.

ಆಪರೇಷನ್ನಿಗೆ ಮೊದಲು ನನ್ನನ್ನೂ ಮಾವನ ಮಗನನ್ನೂ ಕಾರಿಡಾರಿಗೆ ಕರೆದು ಎಲ್ಲ ಹೇಳಿದರು. ಎಲ್ಲಿ ಕೊಯ್ತಾರೆ, ಎಷ್ಟು ಹೊತ್ತು, ಏನು ಅಪಾಯ, ಎಲ್ಲ. ಮಾವ ಒಳಗೆ ಮಂಚದ ಮೇಲೆ ಒಬ್ಬರೇ ಕೂತಿದ್ದರು. ಎದೆ ಅವರದ್ದು, ನೋವು ತಿನ್ನೋರು ಅವರು. ಅವರಿಗೆ ಹೇಳಿದ್ದು 'ಇಲ್ಲಿ ಸಹಿ ಹಾಕಿ' ಅಂತ ಅಷ್ಟೇ.

ಉಸಿರಾಟದ ಅಭ್ಯಾಸಕ್ಕೆ ಕೊಡುವ ಮೂರು ಬಾಲಿನ ಸ್ಪೈರೋಮೀಟರ್ ನೋಡಿರ್ತೀರಿ. ಅದು ಔಷಧಿ ಚೀಲದಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಬಿದ್ದಿತ್ತು. ಬಿಚ್ಚಿದ್ದು ಆಪರೇಷನ್ನಿನ ಮಾರನೇ ದಿನ, ಪಕ್ಕೆಯಲ್ಲಿ ಪೈಪು, ಮಗ್ಗುಲಾದರೆ ಜೀವ ಹೋಗುವ ನೋವು ಇರುವಾಗ. "ಬಾಲು ಮೇಲೆ ಹೋಗ್ಬೇಕು ಅಜ್ಜ" ಅಂತ ಹೇಳಿ ಸಿಸ್ಟರ್ ಮುಂದಿನ ಮಂಚಕ್ಕೆ ಹೋದರು. ಮಾವ ಊದಿದರು. ಅದು ಊದೋದಲ್ಲ, ಉಸಿರು ಒಳಗೆ ಎಳೆಯೋದು. ಬಾಲು ಅಲ್ಲಾಡಲಿಲ್ಲ. ಶ್ವಾಸಕೋಶದ ಕತೆ ಮುಗೀತು ಅಂದುಕೊಂಡು ಮಾವ ಅದನ್ನು ಕೆಳಗಿಟ್ಟು ಗೋಡೆ ಕಡೆ ಮುಖ ಮಾಡಿದರು. ರಾತ್ರಿ ಹೊಲಿಗೆ ಬಿಚ್ಚಿಹೋದೀತು ಅಂತ ಕೆಮ್ಮು ತಡೆದುಕೊಂಡೇ ಇದ್ದರು, ಪೈಪಿನ ಬಾಟಲಿಯಲ್ಲಿ ನೀರು ಗುಳುಗುಳು ಅಂದಾಗೆಲ್ಲ ನನ್ನ ಕೈ ಹಿಡಿಯುತ್ತಿದ್ದರು. "ಯಂಗೆ ಯಾರೂ ಹೇಳಿದ್ವೇ ಇಲ್ಲೆ, ತಮಾ" (ನನಗೆ ಯಾರೂ ಹೇಳಲೇ ಇಲ್ಲ) ಅಂದರು. ನಾನು ಹೊರಗೆ ಹೋಗಿ ಅತ್ತುಬಿಟ್ಟೆ.

ಅದೇ ವಾರ್ಡಿನಲ್ಲಿ, ಪಕ್ಕದ ಮಂಚದಲ್ಲಿ ಅಂಕೋಲಾ ಕಡೆಯ ಮೀನುಗಾರರೊಬ್ಬರು. ಅವರಿಗೂ ಶ್ವಾಸಕೋಶದ್ದೇ ಆಪರೇಷನ್. ಹಿಂದಿನ ಸಂಜೆ ಫಿಸಿಯೋಥೆರಪಿಯ ಹುಡುಗಿ ಬಂದು ಸ್ಟೂಲ್ ಎಳೆದು ಕೂತಳು. ಕೊಂಕಣಿಯಲ್ಲೇ ಮಾತು. ಬಲಗಡೆ ಶ್ವಾಸಕೋಶಕ್ಕೆ ಮೂರು ಭಾಗ, ಎಡಕ್ಕೆ ಎರಡು, ಒಂದು ತೆಗೆದರೆ ಉಳಿದದ್ದು ಹಿಗ್ಗಿ ಜಾಗ ತುಂಬ್ತದೆ ಅಂದಳು. ನೀವು ಕೆಮ್ಮಿದಾಗ ಬಾಟಲಿಯಲ್ಲಿ ಗುಳ್ಳೆ ಬಂದರೆ ಅದು ಎದೆಯೊಳಗಿನ ಗಾಳಿ ಹೊರಗೆ ಬರೋದು, ಹೆದರಬೇಡಿ, ಬಾಟಲಿ ಮಾತ್ರ ಎದೆಗಿಂತ ಕೆಳಗೇ ಇರಲಿ ಅಂದಳು. ಕಫ ಒಳಗೇ ನಿಂತರೆ ನ್ಯುಮೋನಿಯಾ ಆಗ್ತದೆ, ಅದಕ್ಕೇ ಕೆಮ್ಮಬೇಕು ಅಂತ ಹೇಳಿ, ದಿಂಬನ್ನು ಗಾಯದ ಜಾಗಕ್ಕೆ ಒತ್ತಿ ಹಿಡಿದು ಕೆಮ್ಮೋದನ್ನು ಅವರ ಕೈಯಲ್ಲೇ ಮಾಡಿಸಿದಳು. ನೋವಾದರೆ ಸಹಿಸಬೇಡಿ, ಕೇಳಿ, ಔಷಧಿ ಕೊಡ್ತಾರೆ ಅಂದಳು. ಆಪರೇಷನ್ ಆದ ಮಾರನೇ ದಿನ ಆ ಮನುಷ್ಯ ದಿಂಬು ತಬ್ಬಿಕೊಂಡು ಕೆಮ್ಮಿ, ಬಾಟಲಿ ಹಿಡಿದು ಕಾರಿಡಾರಿನಲ್ಲಿ ನಡೆದರು. ನೋಡಿ ನನಗೆ ಎಷ್ಟು ಖುಷಿಯಾಯ್ತೋ ಅಷ್ಟೇ ಹೊಟ್ಟೆ ಉರೀತು. ಮಾವನ ಆಪರೇಷನ್ನಿನ ಹಿಂದಿನ ಸಂಜೆ ಭಾನುವಾರ, ಅವಳಿಗೆ ರಜೆ. ಅಷ್ಟೇ ವ್ಯತ್ಯಾಸ! ರೋಗಿಗೆ ತಿಳಿಸಿ ಹೇಳೋದು ವಾರ ನೋಡಿ ಸಿಗುವಂಥದ್ದಾ?

"ಜಾಸ್ತಿ ಹೇಳಿದ್ರೆ ಹೆದರ್ತಾರೆ" ಅಂತ ನಮ್ಮ ನೆಂಟರೇ ಹೇಳ್ತಾರೆ, ಗೊತ್ತು. ಹೇಳದೇ ಇದ್ದಾಗ ಮಾವ ಹೆದರಿದ್ದನ್ನು ರಾತ್ರಿಯಿಡೀ ನೋಡಿದವನು ನಾನು. 1964ರಲ್ಲೇ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಡಾಕ್ಟರುಗಳು ಹೊಟ್ಟೆಯ ಆಪರೇಷನ್ ಆದ 97 ಜನರ ಮೇಲೆ ಇದನ್ನು ನೋಡಿದ್ದರು. ನೋವು ಹೇಗಿರ್ತದೆ, ಏನು ಮಾಡಬೇಕು ಅಂತ ಹೇಳಿಸಿಕೊಂಡವರಿಗೆ ನೋವಿನ ಔಷಧಿ ಅರ್ಧದಷ್ಟೇ ಸಾಕಾಯ್ತು, ಮನೆಗೂ ಬೇಗ ಹೋದರು. 2018ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ 441 ಜನರ ಮೇಲೆ ನೋಡಿದ್ದೂ ಹೊಟ್ಟೆಯ ಆಪರೇಷನ್ನೇ. ಮೊದಲೇ ಅರ್ಧ ಗಂಟೆ ಕೂರಿಸಿ ಉಸಿರಾಟ ಕಲಿಸಿದ್ದಕ್ಕೆ ನ್ಯುಮೋನಿಯಾದಂಥ ಶ್ವಾಸಕೋಶದ ತೊಂದರೆ ಅರ್ಧಕ್ಕೆ ಇಳೀತು. ಶ್ವಾಸಕೋಶದ ಆಪರೇಷನ್ನಿಗಂತೂ 2019ರ ಯುರೋಪಿನ ಮಾರ್ಗಸೂಚಿಯೇ ಮೊದಲು ರೋಗಿಗೆ ತಿಳಿಸಿ ಅನ್ನುತ್ತದೆ.

ಟೈಮಿಲ್ಲ ಅನ್ನೋದನ್ನೂ ಒಪ್ಪೋದಿಲ್ಲ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಸ್ಕ್ಯಾನಿಗೆ ಒಮ್ಮೆ, ರಕ್ತಕ್ಕೆ ಒಮ್ಮೆ, ಫಿಟ್ನೆಸ್ಸಿಗೆ ಒಮ್ಮೆ ಅಂತ ಹೋಗಿದ್ದೇವೆ. ಪ್ರತಿ ಸಲವೂ ಗಂಟೆಗಟ್ಟಲೆ ಬೆಂಚಿನ ಮೇಲೆ ಕಾದಿದ್ದೇವೆ. ಆಗಲೇ ಆ ಮೂರು ಬಾಲು ಕೈಗೆ ಕೊಟ್ಟು ತೋರಿಸಿದ್ದರೆ ಮಾವ ಮನೆ ಜಗುಲಿಯಲ್ಲಿ ಕೂತು ಅಭ್ಯಾಸ ಮಾಡಿರುತ್ತಿದ್ದರು. ಬೀಡಿ ಸೇದುವವರಿಗೂ ಕನಿಷ್ಠ ನಾಲ್ಕು ವಾರ ಮೊದಲೇ ಬಿಡಿ ಅಂತ ಹೇಳಬೇಕಲ್ವಾ? ಅದು ಹಿಂದಿನ ಸಂಜೆ ಹೇಳುವ ಮಾತಲ್ಲ.

2022ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಇದೇ ಫೇಸ್‌ಬುಕ್ಕಿನಲ್ಲಿ ಎಲ್ಲರೂ ಬರೆದೆವು. ಈಗಲೂ ಬೇಕು. ಅದರಲ್ಲಿ ಹೀಗೆ ಕೂತು ಹೇಳುವವರ ಕೆಲಸವೂ ಇರಲಿ, ಭಾನುವಾರವೂ ಸೇರಿ, ಕನ್ನಡದಲ್ಲೂ ಕೊಂಕಣಿಯಲ್ಲೂ.

ಅಲ್ಲಿವರೆಗೆ, ನಿಮ್ಮ ಮನೆಯವರಿಗೆ ಎದೆಯ ಆಪರೇಷನ್ ಅಂತ ದಿನ ಗೊತ್ತಾಗಿದ್ದರೆ, ಕಾರಿಡಾರಿಗೆ ಕರೆದಾಗ ಹೋಗಬೇಡಿ. "ಒಳಗೆ ಬನ್ನಿ ಡಾಕ್ಟ್ರೇ, ಅವರಿಗೇ ಹೇಳಿ" ಅನ್ನಿ. ಫಿಸಿಯೋಥೆರಪಿಯವರನ್ನು ಮೊದಲೇ ಕಳಿಸಿ ಅಂತ ಬಾಯಿಬಿಟ್ಟು ಕೇಳಿ. ದಿಂಬು ಹಿಡಿದು ಕೆಮ್ಮೋದು ನನಗೀಗ ನೋಡಿ ಗೊತ್ತು. ಯಾರಿಗಾದರೂ ಬೇಕಿದ್ದರೆ ಮೆಸೇಜ್ ಹಾಕಿ, ಶಿರಸಿ ಸುತ್ತಮುತ್ತ ಆದರೆ ಮನೆಗೇ ಬಂದು ತೋರಿಸ್ತೇನೆ.