ವುಡ್ ಯು ಮೈಂಡ್ ಮಾರಾಯ್ರೆ?

ಮೊನ್ನೆ ಪಾಸ್‌ಬುಕ್ ಎಂಟ್ರಿ ಮಾಡಿಸ್ಲಿಕ್ಕೆ ಬ್ಯಾಂಕಿಗೆ ಹೋಗಿದ್ದೆ. ಯಾವ ಬ್ಯಾಂಕ್ ಅಂತ ಕೇಳ್ಬೇಡಿ, ಬೋರ್ಡ್ ಯಾವುದಾದ್ರೂ ಒಳಗಿನ ಕತೆ ನಿಮಗೂ ಗೊತ್ತುಂಟು. ಎಂಟ್ರಿ ಮೆಷಿನಿಗೆ ಒಂದು ಕಾಗದ ಅಂಟಿಸಿದ್ದಾರೆ, 'ಔಟ್ ಆಫ್ ಆರ್ಡರ್, ಕೈಂಡ್ಲಿ ಕೋಆಪರೇಟ್'. ಆ ಕಾಗದ ಹಳದಿಯಾಗಿ ಮೂಲೆ ಎಲ್ಲ ಸುರುಟಿ ಹೋಗಿದೆ, ಅಂದ್ರೆ ನಾವು ಎಷ್ಟು ಕಾಲದಿಂದ ಕೋಆಪರೇಟ್ ಮಾಡ್ತಾ ಇದ್ದೇವೆ ಅಂತ ನೀವೇ ಲೆಕ್ಕ ಹಾಕಿ.

ಕೌಂಟರಿನಲ್ಲಿ ಹೊಸ ಹುಡುಗಿ. ಪಾಪ, ಎಲ್ಲಿಂದಲೋ ಪೋಸ್ಟಿಂಗ್ ಆಗಿ ಬಂದದ್ದು, ಕನ್ನಡ ಬರುದಿಲ್ಲ, ತುಳುವಂತೂ ಕೇಳುದೇ ಬೇಡ, ಇಂಗ್ಲಿಷ್ ಮಾತ್ರ ಬೆಣ್ಣೆ. ನನ್ನ ಮುಂದಿದ್ದ ಅಜ್ಜನ ಹತ್ರ ನಗ್ತಾ 'ಸರ್, ವುಡ್ ಯು ಮೈಂಡ್ ವೇಟಿಂಗ್?' ಅಂತ ಕೇಳಿದ್ಲು. ಅಜ್ಜನೂ ಅಷ್ಟೇ ನಗ್ತಾ 'ಯೆಸ್ ಯೆಸ್' ಅಂದ್ರು. ಅವ್ರ ಲೆಕ್ಕದಲ್ಲಿ ಆಯ್ತಮ್ಮ ಕಾಯ್ತೇನೆ ಅಂತ, ಅವಳ ಗ್ರಾಮರ್‌ನಲ್ಲಿ ಹೌದು ನನಗೆ ಕಾಯ್ಲಿಕ್ಕೆ ತಕರಾರು ಉಂಟು ಅಂತ. ಹುಡುಗಿಯ ಮುಖ ಸಣ್ಣ ಆಯ್ತು, 'ಸಾರಿ ಸರ್' ಅಂದ್ಲು. ಸಾರಿ ಯಾಕೆ ಅಂತ ಗೊತ್ತಾಗದೆ ಅಜ್ಜ 'ಥ್ಯಾಂಕ್ಯೂ' ಅಂದ್ರು.

ಇದು ಎಂತ ಭಾಷೆ ಅಂತ. ಒಪ್ಪಿಗೆ ಇದ್ರೆ 'ನೋ, ನಾಟ್ ಅಟ್ ಆಲ್' ಅನ್ಬೇಕಂತೆ. ಒಪ್ಪಿಗೆ ಇಲ್ಲದಿದ್ರೆ ಸೀದಾ ಯೆಸ್ ಅನ್ನುವ ಹಾಗೂ ಇಲ್ಲ, ಅದು ಒರಟಂತೆ, 'ಐ ವುಡ್ ಲವ್ ಟು, ಬಟ್' ಅಂತ ಪ್ರೀತಿಯಿಂದ ಸುರು ಮಾಡಿ ಬಟ್‌ನಲ್ಲಿ ಕೈ ಕೊಡ್ಬೇಕು. 'ಕ್ಯಾನ್ ಯು' ಅಂದ್ರೆ ಸಾಧಾರಣ, 'ಕುಡ್ ಯು' ಅಂದ್ರೆ ಮರ್ಯಾದೆ. ಕುಡ್ ಅಂದ್ರೆ ಕ್ಯಾನ್‌ನ ಪಾಸ್ಟ್ ಟೆನ್ಸ್ ಅಂತ ನಮಗೆ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದು, ನೀರು ಬೇಕಾದ್ದು ಈಗ, ಕೇಳುದು ನಿನ್ನೆಯ ಟೆನ್ಸಿನಲ್ಲಿ! ವಾಕ್ಯ ಉದ್ದ ಆದಷ್ಟೂ ಮರ್ಯಾದೆ ಜಾಸ್ತಿ. 'ಐ ವಾಸ್ ವಂಡರಿಂಗ್ ಇಫ್ ಯು ಕುಡ್ ಪಾಸಿಬ್ಲಿ' ಅಂತ ಮುಗಿಸುವಷ್ಟರಲ್ಲಿ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಸ್ಟಾಪಿನಿಂದ ಹೊರಟ ಬಸ್ಸು ಜ್ಯೋತಿ ಸ್ಟಾಪ್ ದಾಟಿರ್ತದೆ.

ಅವ್ರಿಗೂ ಬೇರೆ ದಾರಿ ಇಲ್ಲ ಬಿಡಿ, ನೀನು ನೀವು ಎರಡಕ್ಕೂ ಒಂದೇ ಯು. ನಮ್ಮಲ್ಲಿ 'ಕೊಡಿ' ಅಂದ್ರೆ ಮರ್ಯಾದೆ ಬಾಲದಲ್ಲೇ ಬಂತು, 'ಒಮ್ಮೆ ಕೊಡ್ತೀರಾ' ಅಂದ್ರೆ ಇನ್ನೂ ಸ್ವಲ್ಪ, 'ಮಾರಾಯ್ರೆ' ಸೇರಿಸಿದ್ರೆ ಸಾಲ ಕೂಡ ಹುಟ್ತದೆ. ಸಿಟಿ ಬಸ್ಸಿನ ಕಂಡಕ್ಟರಣ್ಣ 'ದುಂಬು ಪೋಲೆ ದುಂಬು ಪೋಲೆ' ಅಂತ, ಅಂದ್ರೆ ತುಳುವಿನಲ್ಲಿ ಮುಂದೆ ಹೋಗಿ ಅಂತ, ಕಿವಿ ಹರಿಯುವ ಹಾಗೆ ಬೊಬ್ಬೆ ಹೊಡಿತಾನೆ, ಆದ್ರೂ 'ಹೋಗು' ಅನ್ನುವ ಪೋಲ ಅನ್ನುದಿಲ್ಲ ನೋಡಿ, ಪೋಲೆ! ಮನೆಯಲ್ಲಿ ಅಮ್ಮನ ಹತ್ರ 'ದಯವಿಟ್ಟು ಚಾ ಕೊಡಿ' ಅಂದ್ರೆ ಜ್ವರ ಉಂಟಾ ಅಂತ ಹಣೆ ಮುಟ್ಟಿ ನೋಡ್ತಾರೆ. ದಯವಿಟ್ಟು ಇರುದು ಬೋರ್ಡಿನಲ್ಲಿ, ಚಪ್ಪಲಿ ಹೊರಗೆ ಬಿಡಿಸ್ಲಿಕ್ಕೆ.

ಹೇಳಿಕೇಳಿ ನಮ್ಮ ಮಂಗಳೂರು, ಉಡುಪಿ ಕಡೆ ಅಂದ್ರೆ ಬ್ಯಾಂಕುಗಳು ಹುಟ್ಟಿದ ಊರು. 1928ರಲ್ಲಿ ಸಿಂಡಿಕೇಟಿನವ್ರು ಪಿಗ್ಮಿ, ಅಂದ್ರೆ ದಿನಾ ಸ್ವಲ್ಪ ಸ್ವಲ್ಪ ಉಳಿಸುವ ಸ್ಕೀಮ್, ಸುರು ಮಾಡಿದಾಗ ಏಜೆಂಟರು ದಿನಾ ಮನೆ ಬಾಗಿಲಿಗೇ ಬಂದು ಎರಡೆರಡು ಆಣೆ ತಗೊಂಡು ಹೋಗ್ತಿದ್ರು. 'ವುಡ್ ಯು ಮೈಂಡ್ ಡೆಪಾಸಿಟಿಂಗ್' ಅಂತ ಕೇಳಿರ್ಲಿಕ್ಕಿಲ್ಲ. ಬ್ಯಾಂಕೇ ನಡ್ಕೊಂಡು ಬರ್ತಿತ್ತು, ಬಾಯಿ ಉಪಚಾರ ಯಾಕೆ? 2019ರಲ್ಲಿ ವಿಜಯಾ ಬ್ಯಾಂಕ್ ಬೇರೆ ಬ್ಯಾಂಕಿನೊಳಗೆ ಸೇರಿ ಹೋಯ್ತು, 2020ರಲ್ಲಿ ಸಿಂಡಿಕೇಟ್, ಕಾರ್ಪೊರೇಶನ್ ಎರಡೂ ಹೋದವು, ಎರಡು ಸಲವೂ ತಾರೀಕು ಏಪ್ರಿಲ್ 1, ಈ ಜೋಕ್ ನನ್ನದಲ್ಲ. ಆವಾಗ ಮಾತ್ರ ವುಡ್ ಯು ಮೈಂಡ್ ಅಂತ ನಮ್ಮ ಹತ್ರ ಯಾರೂ ಕೇಳ್ಲಿಲ್ಲ.

ನಗಾಡುದು ಸಾಕು. ಆ ಅಜ್ಜ ಬಂದದ್ದು ಪೆನ್ಶನ್ ಯಾಕೆ ಬರ್ಲಿಲ್ಲ ಅಂತ ಕೇಳ್ಲಿಕ್ಕೆ, ಮೂರನೇ ಸಲ. ಅವ್ರಿಗೆ ಪ್ಲೀಸೂ ಬೇಡ ಸರ್ರೂ ಬೇಡ, ಕೂರ್ಲಿಕ್ಕೆ ಒಂದು ಕುರ್ಚಿ ಬೇಕು, ಅರ್ಥ ಆಗುವ ಭಾಷೆಯಲ್ಲಿ ಒಂದು ಉತ್ತರ ಬೇಕು. ಮೊದಲಿನ ಗುಮಾಸ್ತರು ಮುಖ ಗಂಟು ಹಾಕಿ 'ನಾಳೆ ಬನ್ನಿ' ಅಂದ್ರೆ ನಾವೂ ನಾಲ್ಕು ಬೈದು ಹಗುರ ಆಗಿ ಬರ್ತಿದ್ದೆವು. ಈಗ ಅದೇ ನಾಳೆ ಬನ್ನಿ, ಆದ್ರೆ ಇಷ್ಟು ನಯವಾಗಿ ಹೇಳ್ತಾರೆ ಅಂದ್ರೆ ಸಿಟ್ಟು ಮಾಡಿದವನೇ ಮರ್ಯಾದೆ ಇಲ್ಲದವನು ಆಗ್ತಾನೆ. ಆ ಹುಡುಗಿಯನ್ನು ಬೈದು ಪ್ರಯೋಜನ ಇಲ್ಲ, ಅವಳಿಗೆ ವಾಕ್ಯ ಕಲಿಸಿದ್ದಾರೆ, ಸಿಸ್ಟಮ್ ಕೊಟ್ಟಿಲ್ಲ.

ಒಂದೂವರೆ ಗಂಟೆ ಆದ ಮೇಲೆ ಅವಳು ಪುನಃ ತಲೆ ಎತ್ತಿ 'ಸರ್, ಸರ್ವರ್ ಈಸ್ ಡೌನ್, ವುಡ್ ಯು ಮೈಂಡ್ ಕಮಿಂಗ್ ಟುಮಾರೋ?' ಅಂದ್ಲು. ಟುಮಾರೋ ಅಂದದ್ದು ಅಜ್ಜನಿಗೆ ಸರೀ ಗೊತ್ತಾಯ್ತು. ಕೊಡೆಯನ್ನು ನೆಲಕ್ಕೆ ಕುಟ್ಟಿ, ಇಡೀ ಬ್ಯಾಂಕ್ ತಿರುಗಿ ನೋಡುವ ಹಾಗೆ 'ನೋ!' ಅಂದ್ರು.

ಹುಡುಗಿಯ ಮುಖ ಅರಳಿತು. 'ಥ್ಯಾಂಕ್ಯೂ ಸೋ ಮಚ್ ಸರ್' ಅಂತ ಹೇಳಿ ಲಂಚ್ ಬೋರ್ಡ್ ಇಟ್ಟು ಎದ್ದು ಹೋದ್ಲು.